ಅಂಟು ಕೊನೆಗೆ: ಸಿಕ್ಕ ವಸ್ತುಗಳಿಂದ ಜ್ಯಾಮಿತಿಯ ಚಿತ್ರ, ಶಿಲ್ಪ ಮಾಡುವ ಬಗೆ

ಒಂದು ಡಬ್ಬಿಯ ಮುಚ್ಚಳ, ಮುರಿದ ಕುರ್ಚಿಯ ಕಾಲು, ತುಕ್ಕು ಹಿಡಿದ ಎರಡು ವಾಷರ್. ಇಷ್ಟನ್ನು ಮೇಜಿನ ಮೇಲೆ ಇಡಿ. ಈಗ ಅವುಗಳ ಹೆಸರು ಮರೆತು ನೋಡಿ. ಒಂದು ವೃತ್ತ, ಒಂದು ಗೆರೆ, ಎರಡು ಉಂಗುರ. ಜ್ಯಾಮಿತಿಯ ಕಲೆಗೆ ಬೇಕಾದ ಬಂಡವಾಳ ಇಷ್ಟೇ. ಉಳಿದದ್ದೆಲ್ಲ ಜೋಡಣೆ.

‘ಕಸದಿಂದ ರಸ’ ಅನ್ನುವ ಮಾತು ನಮಗೆಲ್ಲ ಗೊತ್ತು. ಆದರೆ ಆ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಅರ್ಧಕ್ಕರ್ಧ ಮಿನುಗು ಹಚ್ಚಿದ ಕಸವಾಗಿಯೇ ಉಳಿಯುತ್ತದೆ. ಅದಕ್ಕೆ ಕಾರಣ ಕೈಚಳಕದ ಕೊರತೆ ಅಲ್ಲ, ಅವಸರ. ಸಿಕ್ಕಿದ್ದನ್ನೆಲ್ಲ ಸಿಕ್ಕಲ್ಲಿ ಅಂಟಿಸಿಬಿಡುತ್ತೇವೆ. ನಾನು ಹಾಳು ಮಾಡಿದ ಹಲಗೆಗಳೆಲ್ಲ ಹಾಗೆ ಹಾಳಾದವೇ. ಆಮೇಲೆ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ಅಂಟಿನ ಡಬ್ಬಿ ಬೇರೆ ಕೋಣೆಯಲ್ಲಿ ಇರಬೇಕು. ಎದ್ದು ಹೋಗಿ ತರುವಷ್ಟು ದೂರ.

ಏನು ಎತ್ತಿಕೊಳ್ಳಬೇಕು, ಏನು ಮುಟ್ಟಬಾರದು

ಎರಡು ಬಗೆಯ ವಸ್ತುಗಳು ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಒಂದು, ಒಂದೇ ತರಹದ್ದು ತುಂಬಾ ಸಿಗುವಂಥದ್ದು: ಬಾಟಲಿ ಮುಚ್ಚಳ, ಕೀಬೋರ್ಡಿನ ಗುಂಡಿ, ದಾರದ ಉರುಳೆ, ರಟ್ಟಿನ ಕೊಳವೆ, ಬಡಗಿ ಕೊಯ್ದು ಬಿಟ್ಟ ಮರದ ತುಂಡು. ಇನ್ನೊಂದು, ಒಂಟಿಯಾಗಿಯೇ ಗಟ್ಟಿ ಆಕಾರ ಇರುವಂಥದ್ದು: ಹಲ್ಲುಚಕ್ರ, ಬಾಗಿಲ ಕೀಲು, ಸೈಕಲ್ ಚೈನಿನ ತಟ್ಟೆ, ಹಳೆಯ ಮರದ ಸ್ಕೇಲು. ಮೊದಲನೆಯದು ಹಿಮ್ಮೇಳ, ಎರಡನೆಯದು ಹಾಡುಗಾರ. ಎಲ್ಲರೂ ಹಾಡುಗಾರರೇ ಆದರೆ ಗದ್ದಲ ಆಗುತ್ತದೆ. ಹಾಗಾಗಿ ಒಂದು ಹಲಗೆಗೆ ಒಂದು, ಹೆಚ್ಚೆಂದರೆ ಎರಡು ವಿಶೇಷ ವಸ್ತು ಸಾಕು.

ಕಾಗದವನ್ನೂ ಕಡೆಗಣಿಸಬೇಡಿ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಎಂಬ ಕಲಾವಿದ ಟ್ರಾಮ್ ಟಿಕೆಟ್, ಪೊಟ್ಟಣದ ಕಾಗದ, ಹರಿದ ಜಾಹೀರಾತು, ಮರದ ಚೂರುಗಳಿಂದಲೇ ಚಿತ್ರ ಕಟ್ಟಿದ. 1919ರಲ್ಲಿ ಅವಕ್ಕೆ ‘ಮೆರ್ಟ್ಸ್’ ಅಂತ ಹೆಸರಿಟ್ಟ. ಅದೂ ಒಂದು ಜಾಹೀರಾತಿನ ಚೂರಿನಲ್ಲಿ ಉಳಿದಿದ್ದ ‘ಕೊಮೆರ್ಟ್ಸ್’ (ವಾಣಿಜ್ಯ) ಎಂಬ ಪದದ ತುಂಡು. ಹೆಸರೂ ಸಿಕ್ಕಿದ್ದೇ!

ಮುಟ್ಟಬಾರದ್ದರ ಪಟ್ಟಿ ಚಿಕ್ಕದು, ಆದರೆ ಗಂಭೀರ. ಬ್ಯಾಟರಿ, ಟ್ಯೂಬ್‌ಲೈಟ್ (ಒಳಗೆ ಪಾದರಸ ಇರುತ್ತದೆ), ಸ್ಪ್ರೇ ಡಬ್ಬಿ, ಆಸ್ಪತ್ರೆಯ ತ್ಯಾಜ್ಯ ಬೇಡವೇ ಬೇಡ. ಹಳೆಯ ಕಲ್ನಾರಿನ ಶೀಟನ್ನು ಕೊಯ್ಯುವುದು ಹಾಗಿರಲಿ, ಎತ್ತಲೂ ಹೋಗಬೇಡಿ. ಹಳೆಯ ಬಣ್ಣ ಎದ್ದು ಬರುತ್ತಿರುವ ಬಾಗಿಲು, ಕಿಟಕಿಯ ಮರದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬಾರದು. ಸರಕು ಸಾಗಿಸುವ ಪ್ಯಾಲೆಟ್ ಮರ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಅಂತಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಪರವಾಗಿಲ್ಲ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಅಲ್ಲೇ ಬಿಡಿ. ಮತ್ತೆ, ಯಾರದೋ ಕಟ್ಟಡದ ಜಾಗದಿಂದ ತರುವಾಗ ಒಂದು ಮಾತು ಕೇಳಿಯೇ ತನ್ನಿ. ಕೇಳಿದರೆ ಬಹಳ ಜನ ಕೊಟ್ಟೇ ಕೊಡುತ್ತಾರೆ. ಕೆಲವರು ಇನ್ನೂ ನಾಲ್ಕು ಹುಡುಕಿ ಕೊಡುತ್ತಾರೆ.

ತೊಳೆದು ಒಣಗಿಸುವುದು

ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ. ಜಿಡ್ಡಿನ ಮೇಲೆ ಬಣ್ಣವೂ ನಿಲ್ಲದು, ಅಂಟೂ ನಿಲ್ಲದು. ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಲೇಬಲ್ಲಿನ ಅಂಟು ಹೋಗದಿದ್ದರೆ ಅಡುಗೆ ಸೋಡಾ ಮತ್ತು ಎಣ್ಣೆ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಆಮೇಲೆ ಸೋಪು ಹಾಕಿ ಎಣ್ಣೆ ತೆಗೆಯುವುದನ್ನು ಮರೆಯಬೇಡಿ.

ತುಕ್ಕು ಹಿಡಿದ ಕಬ್ಬಿಣವನ್ನು ರಾತ್ರಿಯಿಡೀ ಬಿಳಿ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ. ಬಳಿಕ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ಕೂಡಲೇ ಒರೆಸಿ ಒಣಗಿಸಿ. ತಡ ಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಬರುತ್ತದೆ. ತುಕ್ಕಿನ ಬಣ್ಣವೇ ಇಷ್ಟ ಅಂದರೆ ಅದೂ ಸರಿ. ಉದುರುವ ಪುಡಿಯನ್ನಷ್ಟೇ ತೆಗೆದು ಕೊನೆಗೆ ಮಂಕು ವಾರ್ನಿಷ್ ಹೊಡೆದು ಮುಚ್ಚಿಬಿಡಿ.

ಹೊರಗೆ ಬಿದ್ದಿದ್ದ ಮರದಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳ ಇದೆ ಅಂತ ಅರ್ಥ. ಚಿಕ್ಕ ತುಂಡಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೂ ಮರ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬೇಡಿ, ತೇವ ಕೂರುತ್ತದೆ. ಮನೆಯವರಿಗೆ ಮೊದಲೇ ಹೇಳಿರಿ, ಅಷ್ಟೇ.

ಹೆಸರಿನಿಂದ ಅಲ್ಲ, ಆಕಾರದಿಂದ ವಿಂಗಡಿಸಿ

ಸಾಮಾನ್ಯವಾಗಿ ಮರ ಒಂದು ಕಡೆ, ಲೋಹ ಒಂದು ಕಡೆ, ಪ್ಲಾಸ್ಟಿಕ್ ಇನ್ನೊಂದು ಕಡೆ ಹಾಕುತ್ತೇವೆ. ಹಾಗೆ ಮಾಡಿದರೆ ನಿಮ್ಮದೂ ಒಂದು ಗುಜರಿ ಅಂಗಡಿ ಆಗುತ್ತದೆ. ಅದರ ಬದಲು ಐದು ಡಬ್ಬ ಇಡಿ: ವೃತ್ತ, ಉಂಗುರ, ಗೆರೆ, ಚೌಕ-ಆಯತ, ಮೂಲೆ ಇರುವ ಉಳಿದದ್ದು. ಆಗ ಔಷಧಿ ಬಾಟಲಿಯ ಮುಚ್ಚಳದ ಪಕ್ಕದಲ್ಲೇ ಮರದ ಬಿಲ್ಲೆ ಬಂದು ಕೂರುತ್ತದೆ. ಅವೆರಡನ್ನೂ ಒಟ್ಟಿಗೆ ನೋಡಿದ ಕೂಡಲೇ ಏನೋ ಹೊಳೆಯುತ್ತದೆ.

ಬಣ್ಣದಿಂದ ವಿಂಗಡಿಸುವ ದಾರಿಯೂ ಇದೆ. ಬ್ರಿಟನ್ನಿನ ಟೋನಿ ಕ್ರ್ಯಾಗ್ 1978ರಲ್ಲಿ ಹಾಗೇ ಮಾಡಿದರು. ಹೆಕ್ಕಿ ತಂದ ಪ್ಲಾಸ್ಟಿಕ್ ಚೂರುಗಳನ್ನು ಕೆಂಪಿನಿಂದ ಶುರುಮಾಡಿ ಕಾಮನಬಿಲ್ಲಿನ ಕ್ರಮದಲ್ಲಿ ನೆಲದ ಮೇಲೆ ಒಂದು ಆಯತವಾಗಿ ಹರಡಿದರು. ಒಂದು ಚೂರಿನಂತೆ ಇನ್ನೊಂದಿಲ್ಲ. ಆದರೆ ಹೊರಗಿನ ಆಯತ ಅಷ್ಟನ್ನೂ ಹಿಡಿದು ನಿಲ್ಲಿಸುತ್ತದೆ. ವಸ್ತುಗಳು ಅಂಕುಡೊಂಕಾಗಿದ್ದರೆ ಹೊರಗಿನ ಗಡಿ ನೇರವಾಗಿರಲಿ ಎನ್ನುವ ಪಾಠ ನಾನು ಅಲ್ಲಿಂದಲೇ ಎತ್ತಿಕೊಂಡೆ.

ಹಲಗೆ ಮತ್ತು ಗೆರೆ

ಕ್ಯಾನ್ವಾಸ್ ಬೇಡ. ಅದು ಬಾಗುತ್ತದೆ, ಮೇಲಿನ ವಸ್ತು ಉದುರುತ್ತದೆ. 9 ಅಥವಾ 12 ಮಿ.ಮೀ. ಪ್ಲೈವುಡ್ ತೆಗೆದುಕೊಳ್ಳಿ. ಮೊದಲ ಕೆಲಸಕ್ಕೆ 30 ಸೆಂ.ಮೀ. ಚೌಕ ಹದವಾದ ಅಳತೆ. 5 ಸೆಂ.ಮೀ.ಗೊಂದು ಗೆರೆ ಎಳೆದರೆ 36 ಮನೆಗಳು ಸಿಗುತ್ತವೆ. ಹಲಗೆ ನಿಜಕ್ಕೂ ಚೌಕವಾಗಿದೆಯೇ ಅಂತ ನೋಡಲು ಎರಡೂ ಕರ್ಣ ಅಳೆಯಿರಿ. ಎರಡೂ ಸುಮಾರು 42.4 ಸೆಂ.ಮೀ. ಬರಬೇಕು. ಒಂದಕ್ಕೊಂದು ಹೆಚ್ಚುಕಡಿಮೆ ಆದರೆ ಮೂಲೆ ಸೊಟ್ಟಗಿದೆ ಎಂದೇ ಲೆಕ್ಕ.

ಗೆರೆ ಹಾಕಲು ದುಬಾರಿ ಸಾಧನ ಏನೂ ಬೇಡ. ದೊಡ್ಡ ವೃತ್ತಕ್ಕೆ ಒಂದು ಮೊಳೆ, ದಾರ, ಪೆನ್ಸಿಲ್. ಲಂಬಕೋನ ಬೇಕಾದರೆ 3, 4, 5ರ ಅಳತೆಯ ದಾರದ ತ್ರಿಕೋನ. ಷಡ್ಭುಜ ಇನ್ನೂ ಸುಲಭ. ವೃತ್ತ ಎಳೆದ ಕೈವಾರವನ್ನು ಅಗಲಿಸದೆ, ಕುಗ್ಗಿಸದೆ ಅದೇ ವೃತ್ತದ ಅಂಚಿನ ಮೇಲೆ ಹೆಜ್ಜೆ ಹಾಕಿಸುತ್ತಾ ಹೋಗಿ. ಸರಿಯಾಗಿ ಆರನೇ ಹೆಜ್ಜೆಗೆ ಹೊರಟಲ್ಲಿಗೇ ಬಂದು ಸೇರುತ್ತದೆ.

ಇದನ್ನೇ ಬಾಟಲಿ ಮುಚ್ಚಳಗಳು ಕೈವಾರ ಇಲ್ಲದೆ ತೋರಿಸುತ್ತವೆ. ಒಂದು ಮುಚ್ಚಳದ ಸುತ್ತ ಅದೇ ಅಳತೆಯ ಆರು ಮುಚ್ಚಳ ಇಡಿ, ಕೂದಲು ಹೋಗುವ ಸಂದಿಲ್ಲದೆ ಒಂದಕ್ಕೊಂದು ತಾಗುತ್ತವೆ. ಅದರಾಚೆ 12, ಅದರಾಚೆ 18. ಒಟ್ಟು 37 ಮುಚ್ಚಳಗಳ ಷಡ್ಭುಜ. 3 ಸೆಂ.ಮೀ. ಅಗಲದ ಮುಚ್ಚಳವಾದರೆ ಮೂಲೆಯಿಂದ ಮೂಲೆಗೆ 21 ಸೆಂ.ಮೀ. ಆಗುತ್ತದೆ. ನಿಮ್ಮ 30 ಸೆಂ.ಮೀ. ಹಲಗೆಯಲ್ಲಿ ಸುತ್ತಲೂ ಉಸಿರಾಡಲು ಜಾಗ ಉಳಿಯುತ್ತದೆ. ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡಬಹುದು. ಆಮೇಲೆ ನಡುವಿನ ಒಂದು ಮುಚ್ಚಳ ತೆಗೆದು, ಆ ಜಾಗ ಖಾಲಿ ಬಿಟ್ಟು ನೋಡಿ. ಇಡೀ ಚಿತ್ರ ಆ ತೂತಿನ ಸುತ್ತ ತಿರುಗತೊಡಗುತ್ತದೆ, ಅಲ್ವಾ?

ಒಣ ಜೋಡಣೆ

ಈಗ ನಿಜವಾದ ಕೆಲಸ. ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಅಂಟಿಲ್ಲದೆ ಸುಮ್ನೆ ಇಡುತ್ತಾ, ತೆಗೆಯುತ್ತಾ, ಜರುಗಿಸುತ್ತಾ ಹೋಗಿ. ನಾನು ಒಂದು ಚಿಕ್ಕ ಹಲಗೆಗೂ ಮೂರು ದಿನ ತೆಗೆದುಕೊಳ್ಳುತ್ತೇನೆ. ಕೂತು ಮಾಡುವುದು ದಿನಕ್ಕೆ ಹತ್ತು ನಿಮಿಷ ಇರಬಹುದು. ಉಳಿದ ಹೊತ್ತು ಆ ದಾರಿಯಲ್ಲಿ ಓಡಾಡುವಾಗ ನೋಡುವುದು, ಕಣ್ಣಿಗೆ ಚುಚ್ಚಿದ್ದನ್ನು ಕಾಲು ಇಂಚು ಸರಿಸುವುದು.

ಎಲ್ಲಕ್ಕಿಂತ ದೊಡ್ಡ ವಸ್ತುವನ್ನು ಮೊದಲು ಇಡಿ. ನಟ್ಟನಡುವೆ ಬೇಡ. ನಡುವೆ ಇಟ್ಟರೆ ಉಳಿದವೆಲ್ಲ ಅದರ ಪರಿವಾರ ಆಗಿಬಿಡುತ್ತವೆ. ಅದರ ಎದುರು ಬದಿಗೆ ಚಿಕ್ಕವು ನಾಲ್ಕೈದು ಗುಂಪಾಗಿ ಬರಲಿ. ಒಂದು ದೊಡ್ಡ ವೃತ್ತದ ಭಾರವನ್ನು ದೂರದಲ್ಲಿರುವ ಒಂದು ಕಪ್ಪು ಚುಕ್ಕೆ ತಡೆದು ನಿಲ್ಲಿಸಬಲ್ಲದು. ತಕ್ಕಡಿಯಲ್ಲಿ ಅಲ್ಲ, ಕಣ್ಣಿನಲ್ಲಿ. ಹಲಗೆಯ ಮೂರನೇ ಒಂದು ಭಾಗವಾದರೂ ಖಾಲಿ ಉಳಿಯಲಿ. ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗಂತೂ ಇನ್ನೂ ಬಿಟ್ಟಿಲ್ಲ.

ಕಡ್ಡಿ, ಸ್ಕೇಲು, ಮರದ ಪಟ್ಟಿ ಜಾಸ್ತಿ ಇದ್ದರೆ ಅಂತರದ ಆಟ ಆಡಿ. ಐದು ಪಟ್ಟಿಗಳನ್ನು ಸಮಾಂತರವಾಗಿ ಜೋಡಿಸಿ, ನಡುವಿನ ಸಂದುಗಳು 1, 2, 4, 8 ಸೆಂ.ಮೀ. ಆಗುವಂತೆ ಇಡಿ. ಪಟ್ಟಿಗಳೆಲ್ಲ ಒಂದೇ ತರಹ ಇದ್ದರೂ ಚಿತ್ರ ಒಂದು ಕಡೆಗೆ ಓಡತೊಡಗುತ್ತದೆ. ಸಂದು ಒಂದೇ ಸಮ ಇದ್ದರೆ ಅದು ಬರೀ ಬೇಲಿ. ಇನ್ನು ಸುವರ್ಣ ಅನುಪಾತ, 1.618 ಅಂತೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಇಟ್ಟು ನೋಡಿದರೆ ಸಿಗುವಷ್ಟು ಲೆಕ್ಕ ಹಾಕಿದರೆ ಸಿಗುವುದಿಲ್ಲ.

ಪ್ರತಿ ಜೋಡಣೆಗೂ ನೇರ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಅದನ್ನು ಕಪ್ಪು-ಬಿಳುಪು ಮಾಡಿ, ತಲೆಕೆಳಗಾಗಿ ತಿರುಗಿಸಿ ನೋಡಿ. ತಲೆಕೆಳಗಾದರೂ ಸಮತೂಕ ಉಳಿದಿದ್ದರೆ ಜೋಡಣೆ ಗಟ್ಟಿಯಾಗಿದೆ. ಕಪ್ಪು-ಬಿಳುಪಿನಲ್ಲಿ ಎಲ್ಲ ಒಂದೇ ಬೂದುಬಣ್ಣವಾಗಿ ಕಂಡರೆ ಕಡುಬಣ್ಣದ್ದೋ ತಿಳಿಬಣ್ಣದ್ದೋ ಏನಾದರೂ ಬೇಕು.

ನೆರಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಕು ಮೇಲಿನಿಂದ 45 ಡಿಗ್ರಿ ಓರೆಯಾಗಿ ಬಿದ್ದರೆ 2 ಸೆಂ.ಮೀ. ಎತ್ತರದ ಮುಚ್ಚಳ 2 ಸೆಂ.ಮೀ. ಉದ್ದದ ನೆರಳು ಚೆಲ್ಲುತ್ತದೆ. ಅದೂ ನಿಮ್ಮ ಚಿತ್ರದ ಒಂದು ಆಕಾರವೇ. ಟಾರ್ಚ್ ಹಿಡಿದು ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ನೋಡಿ.

ಜೋಡಣೆ ಒಪ್ಪಿಗೆಯಾದ ಮೇಲೆ ಪ್ರತಿ ವಸ್ತುವಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಒಳಗೆ ನಂಬರ್ ಹಾಕಿ, ಅದೇ ನಂಬರನ್ನು ವಸ್ತುವಿನ ಹಿಂದೆ ಬರೆಯಿರಿ. ಗೆರೆ ಬಣ್ಣದಡಿ ಮುಚ್ಚಿಹೋಗುತ್ತದಲ್ಲ, ಅದಕ್ಕೇ ತೆಳುಕಾಗದದ ಮೇಲೂ ಒಂದು ನಕಲು ಇಟ್ಟುಕೊಳ್ಳಿ. ಈಗ ಎಲ್ಲ ತೆಗೆದು ಪಕ್ಕಕ್ಕಿಡಿ.

ಬಣ್ಣ

ಹಲಗೆಗೆ ಒಂದು ಕೋಟ್ ಪ್ರೈಮರ್, ಒಣಗಿದ ಮೇಲೆ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಆಮೇಲೆ ಆಕ್ರಿಲಿಕ್‌ನ ಎರಡು ತೆಳು ಕೋಟ್. ದಪ್ಪ ಒಂದು ಕೋಟ್‌ಗಿಂತ ತೆಳು ಎರಡು ಯಾವಾಗಲೂ ಮೇಲು.

ಗೆರೆ ಕತ್ತರಿಸಿದಂತೆ ಚೂಪಾಗಿ ಬರಬೇಕೇ? ಮಾಸ್ಕಿಂಗ್ ಟೇಪ್ ಹಚ್ಚಿ, ಅಂಚನ್ನು ಉಗುರಿನಿಂದ ಒತ್ತಿ. ಈಗ ಹೊಸ ಬಣ್ಣ ಹಾಕುವ ಮೊದಲು ಟೇಪಿನ ಅಂಚಿನ ಮೇಲೆ ಅಡಿಯಲ್ಲಿರುವ ಬಣ್ಣವನ್ನೇ ಒಂದು ಸಲ ಬಳಿಯಿರಿ. ಸಂದಿಗೆ ಸೋರುವುದೇನಿದ್ದರೂ ಆ ಬಣ್ಣ ಸೋರಿ ಸಂದಿ ಮುಚ್ಚುತ್ತದೆ. ಅದು ಒಣಗಿದ ಮೇಲೆ ಹೊಸ ಬಣ್ಣ ಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಓರೆಯಾಗಿ, ನಿಧಾನವಾಗಿ ಎಳೆಯಿರಿ. ಈ ಒಂದು ಉಪಾಯ ಗೊತ್ತಾಗುವ ತನಕ ನನ್ನ ಗೆರೆಗಳೆಲ್ಲ ಗರಗಸದ ಹಲ್ಲಿನ ಹಾಗೆ ಇದ್ದವು.

ಸಿಕ್ಕ ವಸ್ತುವೇ ಬ್ರಷ್ಷೂ ಆಗಬಹುದು. ರಟ್ಟಿನ ಕೊಳವೆಯ ತುದಿ ಉಂಗುರ ಒತ್ತುತ್ತದೆ. ಪದರ ರಟ್ಟಿನ ಮೇಲಿನ ಕಾಗದ ಕಿತ್ತರೆ ಸಮಾಂತರ ಗೆರೆಗಳ ಅಚ್ಚು ಸಿಗುತ್ತದೆ. ಅಂಟಿಸಿದ ಉಂಗುರದ ಪಕ್ಕದಲ್ಲೇ ಅದರ ಅಚ್ಚು ಒತ್ತಿದರೆ ಚಿತ್ರ ಮತ್ತು ಶಿಲ್ಪ ಎರಡೂ ಮಾತಿಗೆ ಕೂರುತ್ತವೆ.

ಬಣ್ಣ ಎಷ್ಟು? ಮೂರು ಸಾಕು, ಜೊತೆಗೆ ಕಪ್ಪು ಬಿಳುಪು. ಅದಕ್ಕಿಂತ ಧೈರ್ಯದ ಹಾದಿ ಎಂದರೆ ಎಲ್ಲಕ್ಕೂ ಒಂದೇ ಬಣ್ಣ. ಲೂಯಿಸ್ ನೆವೆಲ್ಸನ್ ಎಂಬ ಅಮೆರಿಕದ ಶಿಲ್ಪಿ ಬೀದಿಯಲ್ಲಿ ಸಿಕ್ಕ ಮರದ ತುಂಡು, ಕುರ್ಚಿಯ ಭಾಗ, ಕೆತ್ತಿದ ಕಂಬದ ಚೂರುಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ, ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ, ಎಲ್ಲಕ್ಕೂ ಕಪ್ಪು ಬಳಿದರು. 1958ರ ‘ಸ್ಕೈ ಕೆಥೀಡ್ರಲ್’ ಹಾಗೆ ಆದದ್ದು. ಬಣ್ಣ ಒಂದೇ ಆದಾಗ ‘ಇದು ಕುರ್ಚಿ ಕಾಲು’ ಅನ್ನುವುದು ಅಳಿಸಿಹೋಗುತ್ತದೆ, ಆಕಾರ ಮತ್ತು ನೆರಳು ಮಾತ್ರ ಉಳಿಯುತ್ತವೆ. ಜೋಡಣೆ ಚೆನ್ನಾಗಿದ್ದೂ ಬಣ್ಣ ಗಲಿಬಿಲಿ ಅನ್ನಿಸಿದರೆ ಇದೇ ಮದ್ದು. ಹೊಳಪಿನದ್ದಲ್ಲ, ಮಂಕು ಬಣ್ಣ ಹಾಕಿ.

ಇನ್ನು ಅಂಟು ತನ್ನಿ

ಒಂದೇ ಅಂಟು ಎಲ್ಲಕ್ಕೂ ಆಗದು. ನಾನು ಒಮ್ಮೆ ಬಾಟಲಿ ಮುಚ್ಚಳಗಳನ್ನೆಲ್ಲ ಬಿಸಿ ಅಂಟಿನ ಗನ್ನಿನಿಂದ ಅಂಟಿಸಿ, ಬಿಸಿಲು ಬೀಳುವ ಕಿಟಕಿಯ ಎದುರು ತೂಗುಹಾಕಿದ್ದೆ. ಎರಡನೇ ಮಧ್ಯಾಹ್ನ ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಸಂಜೆಯೊಳಗೆ ಅರ್ಧ ಚಿತ್ರ ನೆಲದ ಮೇಲಿತ್ತು.

ಮರಕ್ಕೆ ಮರ, ಮರಕ್ಕೆ ರಟ್ಟು ಆದರೆ ಬಡಗಿಗಳ ಬಿಳಿ ಅಂಟು. ಹಚ್ಚಿ ಒಂದು ಗಂಟೆ ಭಾರ ಹೇರಿ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಲೋಹ, ಗಾಜು, ಹೆಂಚಿನ ಚೂರಿಗೆ ಎರಡು ಟ್ಯೂಬಿನ ಎಪಾಕ್ಸಿ. ಮೊದಲು ಎರಡೂ ಮೈಗಳನ್ನು 80 ಅಥವಾ 120 ನಂಬರಿನ ಮರಳುಕಾಗದದಿಂದ ಗೀರಿ ಒರಟು ಮಾಡಿ. ನುಣುಪಾದ ಮೈಗೆ ಎಪಾಕ್ಸಿ ಹಿಡಿಯಲು ಆಧಾರ ಸಿಗದು.

ಮೋಸ ಮಾಡುವುದು ಪ್ಲಾಸ್ಟಿಕ್. ಮೂರು ಬಾಣಗಳ ತ್ರಿಕೋನದೊಳಗೆ 2, 4 ಅಥವಾ 5 ಅಂತ ಇದ್ದರೆ ಅದು ಪಾಲಿಥೀನ್ ಇಲ್ಲವೇ ಪಾಲಿಪ್ರೊಪಿಲೀನ್. ಬಾಟಲಿ ಮುಚ್ಚಳಗಳು ಹೆಚ್ಚಾಗಿ ಇದೇ ಜಾತಿಯವು. ಸಾಧಾರಣ ಅಂಟು ಯಾವುದೂ ಇವಕ್ಕೆ ಹಿಡಿಯುವುದಿಲ್ಲ. ಮುಚ್ಚಳದ ನಡುವೆ ತೂತು ಕೊರೆದು ಚಿಕ್ಕ ಸ್ಕ್ರೂ ಹಾಕಿಬಿಡಿ. ಇಲ್ಲವೇ ಎರಡು ತೂತು ಮಾಡಿ, ತಂತಿ ತೂರಿಸಿ, ಹಲಗೆಯ ಹಿಂದೆ ಇಕ್ಕಳದಿಂದ ತಿರುಚಿ. ಸ್ಕ್ರೂವಿನ ತಲೆಯೂ ಒಂದು ಸಣ್ಣ ವೃತ್ತವೇ ತಾನೇ, ಮುಚ್ಚಿಡುವ ಅಗತ್ಯವಿಲ್ಲ. ಥರ್ಮೊಕೋಲಿಗೆ ದ್ರಾವಕ ಇರುವ ಅಂಟು, ಸ್ಪ್ರೇ ಬಣ್ಣ ಹಾಕಿದರೆ ಅದು ಕರಗಿ ಗುಳಿ ಬೀಳುತ್ತದೆ.

ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಭಾರಕ್ಕೆ ಬೇಡ, ಬಿದ್ದರೆ ಸಿಡಿದು ಬಿಡುತ್ತದೆ. ಅದನ್ನು ಹತ್ತಿಯಿಂದ, ಹತ್ತಿ ಬಟ್ಟೆಯಿಂದ ಒರೆಸಲೂ ಬೇಡಿ. ಹತ್ತಿಗೆ ತಾಗಿದರೆ ಜೋರಾಗಿ ಬಿಸಿಯಾಗಿ ಚರ್ಮ ಸುಡುತ್ತದೆ. ಎಪಾಕ್ಸಿ, ಸ್ಪ್ರೇ ಎರಡನ್ನೂ ಗಾಳಿ ಆಡುವ ಕಡೆಯೇ ಬಳಸಿ. ಕೊರೆಯುವಾಗ, ಕೊಯ್ಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಗೋಡೆಯಿಂದ ಇಳಿದು ನಿಲ್ಲುವ ಶಿಲ್ಪ

1942ರಲ್ಲಿ ಪಿಕಾಸೊ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಸೇರಿಸಿ ಹೋರಿಯ ತಲೆ ಮಾಡಿದ. ಎರಡೇ ವಸ್ತು, ಒಂದೇ ಕೂಡಿಕೆ. ಒಂದು ತ್ರಿಕೋನ, ಮೇಲೊಂದು ಕಮಾನು. ನಿಮ್ಮ ಮೊದಲ ಶಿಲ್ಪಕ್ಕೂ ಎರಡು ಮೂರು ವಸ್ತುಗಳ ಮಿತಿ ಹಾಕಿಕೊಂಡು ನೋಡಿ.

ಅಂಟೇ ಇಲ್ಲದ ಒಂದು ಕಂಬ ಮಾಡುವ ವಿಧಾನ ಹೇಳುತ್ತೇನೆ. ಮೈಯಿಡೀ ಸ್ಕ್ರೂವಿನಂತೆ ಸುರುಳಿ ಗೀರು ಇರುವ 8 ಮಿ.ಮೀ. ಕಬ್ಬಿಣದ ಸರಳು, ಅದಕ್ಕೆ ಕೂರುವ ನಟ್, ವಾಷರ್ ಬೇಕು. ಸರಳಿನ ಕೆಳತುದಿಗೆ ಒಂದು ದೊಡ್ಡ ವಾಷರ್ ಇಟ್ಟು ಎರಡೂ ಕಡೆ ನಟ್ ಬಿಗಿಯಿರಿ. ಅದನ್ನು ಅಗಲವಾದ ತಗಡಿನ ಡಬ್ಬಿಯ ನಡುವೆ ನಿಲ್ಲಿಸಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ತುಂಬಿ. ಅಡಿಯಲ್ಲಿ ವಾಷರ್ ಇರುವುದರಿಂದ ಸರಳು ಕಿತ್ತು ಬರುವುದಿಲ್ಲ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಸರಳು ನೆಟ್ಟಗಿದೆಯೇ ಅಂತ ಎರಡು ಬದಿಯಿಂದ ನೋಡಿ, ಎರಡು ದಿನ ಮುಟ್ಟಬೇಡಿ.

ಆಮೇಲೆ ನಡುವೆ ತೂತು ಕೊರೆದ ಮರದ ತುಂಡು, ಡಬ್ಬಿ ಮುಚ್ಚಳ, ಹಲ್ಲುಚಕ್ರ, ಉರುಳೆಗಳನ್ನು ಒಂದೊಂದಾಗಿ ಪೋಣಿಸಿ. ನಡುನಡುವೆ ಕೊಳವೆಯ ತುಂಡು ಹಾಕಿದರೆ ಖಾಲಿ ಜಾಗ ಸಿಗುತ್ತದೆ. ಚೌಕಗಳನ್ನು ಒಂದರ ಮೇಲೊಂದು 15 ಡಿಗ್ರಿಯಷ್ಟು ತಿರುಗಿಸುತ್ತಾ ಹೋದರೆ ಆರನೇ ತಿರುವಿಗೆ ಚೌಕ ಮತ್ತೆ ಮೊದಲಿನ ಹಾಗೇ ಕೂರುತ್ತದೆ. ಕಂಬ ತಿರುಚಿಕೊಂಡ ಹಾಗೆ ಕಾಣುತ್ತದೆ. ಮೇಲೆ ಒಂದು ನಟ್ ಬಿಗಿದರೆ ಮುಗಿಯಿತು. ಬೇಡವೆನಿಸಿದ ದಿನ ಬಿಚ್ಚಿ ಬೇರೆ ತರಹ ಪೋಣಿಸಬಹುದು. ಇದಕ್ಕೇ ನನಗೆ ಈ ವಿಧಾನದ ಮೇಲೆ ಪ್ರೀತಿ ಜಾಸ್ತಿ.

ಅಂಕುಡೊಂಕಾದ ತಗಡು, ಹಲಗೆಯನ್ನು ಸರಳಿಗೆ ಪೋಣಿಸುವಾಗ ತೂತು ಎಲ್ಲಿ ಕೊರೆಯಬೇಕು? ಅಂಚಿನ ಒಂದು ಕಡೆ ದಾರ ಕಟ್ಟಿ ಅದನ್ನು ತೂಗುಬಿಡಿ. ಅದೇ ಬಿಂದುವಿನಿಂದ ನಟ್ ಕಟ್ಟಿದ ಇನ್ನೊಂದು ದಾರ ಇಳಿಬಿಟ್ಟು ಅದರ ಗುಂಟ ಗೆರೆ ಎಳೆಯಿರಿ. ಇನ್ನೊಂದು ಅಂಚಿನಿಂದ ತೂಗಿ ಮತ್ತೆ ಗೆರೆ ಎಳೆಯಿರಿ. ಎರಡು ಗೆರೆ ಸೇರಿದ ಜಾಗವೇ ಅದರ ತೂಕದ ಕೇಂದ್ರ. ಅಲ್ಲಿ ಕೊರೆದರೆ ಅದು ಯಾವ ಕಡೆಗೂ ವಾಲುವುದಿಲ್ಲ.

ಇಡೀ ಶಿಲ್ಪಕ್ಕೂ ಇದೇ ಲೆಕ್ಕ. ತಳದ ಅಗಲ 20 ಸೆಂ.ಮೀ. ಇದ್ದು ತೂಕದ ಕೇಂದ್ರ 30 ಸೆಂ.ಮೀ. ಎತ್ತರದಲ್ಲಿದ್ದರೆ ಸುಮಾರು 18 ಡಿಗ್ರಿ ವಾಲಿದಾಗ ಉರುಳುತ್ತದೆ. ಕೆಳಗೆ ಭಾರ ಸೇರಿಸಿ ಕೇಂದ್ರವನ್ನು 15 ಸೆಂ.ಮೀ.ಗೆ ಇಳಿಸಿದರೆ ಸುಮಾರು 34 ಡಿಗ್ರಿ ತನಕ ತಡೆಯುತ್ತದೆ. ಮನೆಯಲ್ಲಿ ಮಕ್ಕಳು, ಬೆಕ್ಕು ಇದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ತೂಗುಹಾಕುವ ಮುನ್ನ

ಹಲಗೆಯನ್ನು ಸೋಫಾದ ಮೇಲೆ ಕವುಚಿ ಹಿಡಿದು ಮೆಲ್ಲಗೆ ಕುಲುಕಿ. ಉದುರುವುದೇನಿದ್ದರೂ ಈಗಲೇ ಉದುರಲಿ. ಆಮೇಲೆ ತೂಕ ನೋಡಿ. 30 ಸೆಂ.ಮೀ. ಚೌಕದ 12 ಮಿ.ಮೀ. ಪ್ಲೈವುಡ್ ಬರೀ ಹಲಗೆಯೇ 600 ಗ್ರಾಂ ಮೇಲಿರುತ್ತದೆ. ಮೇಲೆ ಲೋಹ ಬಂದರೆ ಎರಡು ಮೂರು ಕಿಲೋ ಸುಲಭವಾಗಿ ಆಗುತ್ತದೆ. ಹಿಂದೆ ಎರಡೂ ಬದಿಗೆ, ಮೇಲಿನಿಂದ ಮೂರನೇ ಒಂದು ಭಾಗ ಕೆಳಗೆ, ಒಂದೊಂದು ಬಳೆ ಕೊಕ್ಕೆ ಸ್ಕ್ರೂ ಮಾಡಿ. ಗೋಡೆಯಲ್ಲೂ ಒಂದರ ಬದಲು ಎರಡು ಮೊಳೆ ಇದ್ದರೆ ಹಲಗೆ ಸೊಟ್ಟಗಾಗುವುದಿಲ್ಲ. ಹಿಂದಿನ ತಂತಿಯ ತುದಿಗಳಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಗೋಡೆಯನ್ನೂ ಕೈಯನ್ನೂ ಗೀರುತ್ತವೆ.

ಜೋಡಣೆಯಲ್ಲಿ ಬೇಡವೆಂದು ತೆಗೆದಿಟ್ಟ ವಸ್ತುಗಳು ಡಬ್ಬದಲ್ಲಿ ಹಾಗೇ ಇರುತ್ತವಲ್ಲ, ಅವನ್ನು ಎಸೆಯಬೇಡಿ. ಆಕಾರದ ಡಬ್ಬಗಳಿಗೇ ವಾಪಸ್ ಹಾಕಿ.